ಸೋತವರಿಗೂ ಆಟ ಬೇಕು



ನಮ್ಮೂರ ಕೇರಂ ಸಂಘದ ವಾರ್ಷಿಕ ಪಂದ್ಯಾವಳಿಯಲ್ಲಿ ಈ ಬಾರಿ 16 ಸದಸ್ಯರು ಆಡಿದರು. ಮೊದಲ ಸುತ್ತಿನಲ್ಲೇ 8 ಮಂದಿ ಸ್ಟ್ರೈಕರನ್ನು ಜೇಬಿಗಿಳಿಸಿ ಮನೆಗೆ ನಡೆದರು. ಅವರಲ್ಲೊಬ್ಬ ಹೊಸ ಹುಡುಗ. ಮತ್ತೆ ಸಂಘದತ್ತ ಸುಳಿಯಲೇ ಇಲ್ಲ.

ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ವಿಜೇತನನ್ನು ಆರಿಸಲು 15 ಪಂದ್ಯಗಳು ಸಾಕು, ನಿಜ. ಆದರೆ ಸಂಘವಿರುವುದು ವಿಜೇತನೊಬ್ಬನಿಗಾಗಿಯೇ? ನಾಲ್ವರಂತೆ 4 ಗುಂಪುಗಳಾಗಲಿ. ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಲಿ. ಪ್ರತಿ ಗುಂಪಿನ ಅಗ್ರಸ್ಥಾನಿ ಸೆಮಿಫೈನಲ್‌ಗೇರಲಿ. ಒಟ್ಟು 27 ಪಂದ್ಯಗಳಾಗುತ್ತವೆ. ಇನ್ನೊಂದು ಭಾನುವಾರ ಬೇಕಾದೀತು; ಆದರೆ ಪ್ರತಿಯೊಬ್ಬರಿಗೂ ಕನಿಷ್ಠ 3 ಪಂದ್ಯಗಳು ದೊರೆಯುತ್ತವೆ.

ಒಂದು ಕಿರುಪರೀಕ್ಷೆಯಲ್ಲಿ ಎಡವಿದವರನ್ನೆಲ್ಲ ನಾನು ಹೊರಗಟ್ಟಿದ್ದರೆ, ಹೇಳಿ, ನನ್ನ ತರಗತಿಯಲ್ಲಿ ನಿಮ್ಮಲ್ಲೆಷ್ಟು ಮಂದಿ ಉಳಿಯುತ್ತಿದ್ದಿರಿ?