ಹಂಡೆಗೆ ಸಿಂಗಾರ, ಹೊಗೆಕೊಳವೆಗೆ ಮಸಿ



ದೀಪಾವಳಿಯ ನೀರು ತುಂಬುವ ಹಬ್ಬದಂದು ನಾವು ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗುತ್ತೇವೆ, ಹೂವಿನಿಂದ ಸಿಂಗರಿಸುತ್ತೇವೆ. ಒಲೆಯ ಹೊಗೆಕೊಳವೆಯತ್ತ ಮಾತ್ರ ಯಾರೂ ಕಣ್ಣೆತ್ತುವುದಿಲ್ಲ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಒಲೆಯನ್ನು ನಾಡಿಗೆ ಕೊಟ್ಟಿತು. ಆದರೆ ಕೊಳವೆಯೇ ಕಟ್ಟಿಕೊಂಡರೆ ಎಂತಹ ಒಲೆಯಿದ್ದರೂ ಪ್ರಯೋಜನವಿಲ್ಲ. ಹಸಿ ಸೌದೆಯ ಹೊಗೆಯಲ್ಲಿರುವ ನೀರಾವಿಯೂ ಡಾಂಬರಿನಂತಹ ಜಿಡ್ಡೂ ಕೊಳವೆಯ ಒಳಮೈಗೆ ಹತ್ತುತ್ತವೆ. ಜಿಡ್ಡಿನ ಪದರ ದಪ್ಪವಾದಂತೆ ಹೊಗೆ ಮನೆಯೊಳಕ್ಕೆ ಮರಳುತ್ತದೆ. ಕಿಡಿ ತಾಗಿದರೆ ಕೊಳವೆಯೇ ಹೊತ್ತಿಕೊಳ್ಳಬಹುದು.

ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ; ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹೊಗೆಯಿಲ್ಲದ ಕೆಂಡವೂ ಅದನ್ನು ಉಗುಳುತ್ತದೆ. ಆದುದರಿಂದ ಚಳಿಯೆಂದು ಬಚ್ಚಲಿನ ಕಿಟಕಿ ಮುಚ್ಚುವುದು, ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಸರ್ವಥಾ ಸಲ್ಲದು. ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಒಡನೆಯೇ ಹೊರಗಿನ ಗಾಳಿಗೆ ಬರಬೇಕು.

ಮಾಡಬೇಕಾದುದು ಹೆಚ್ಚೇನಿಲ್ಲ. ಒಣಗಿದ ಸೌದೆಯನ್ನೇ ಉರಿಸಬೇಕು. ವರ್ಷಕ್ಕೆ ಎರಡು ಬಾರಿಯಾದರೂ, ಮಳೆಗಾಲಕ್ಕೆ ಮುನ್ನ ಹಾಗೂ ದೀಪಾವಳಿಗೆ, ಒಲೆ ಪೂರ್ತಿ ತಣಿದ ಮೇಲೆ ಬಿದಿರುಕೋಲಿಗೆ ಗಡಸು ಬ್ರಷ್ ಕಟ್ಟಿ ಮಸಿ ತೆಗೆಯಬೇಕು. ಬೂದಿಯಲ್ಲಿ ಕೆಂಡ ಅಡಗಿರುವುದುಂಟು. ಅದನ್ನು ಲೋಹದ ಬಕೆಟ್ಟಿನಲ್ಲೇ ತುಂಬಿ ಮನೆಯ ಹೊರಗಿಡಬೇಕು.

ಇಂದು ಹಳ್ಳಿಯ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವೃದ್ಧರು. ಅವರು ಮಾಡು ಹತ್ತಲಾರರು, ಹತ್ತಲೂಬಾರದು. ಹಬ್ಬಕ್ಕೆ ಊರಿಗೆ ಹೋಗುವ ನೀವು ಹೊಸ ಬಟ್ಟೆಯ ಜೊತೆಗೆ ಒಂದು ಬ್ರಷ್ಷನ್ನೂ ಕೊಂಡೊಯ್ಯಿರಿ.