ಶಾಲಾ ತಪಾಸಣೆ ಮತ್ತು ಶ್ರೇಣಿ ಪದ್ಧತಿಯ ಬದಲಾವಣೆಗಳನ್ನು ಪೋಷಕರಿಗೆ ತಿಳಿಸುವ ಬಗ್ಗೆ ಮನವಿ ಪತ್ರ

ದಿನಾಂಕ: ಡಿಸೆಂಬರ್ 2025

ಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ನೃಪತುಂಗ ರಸ್ತೆ, ಬೆಂಗಳೂರು.

ಮೂಲಕ: ಕ್ಷೇತ್ರ ಶಿಕ್ಷಣಾಧಿಕಾರಿಗಳು

ಇಂದ: ತಾಲ್ಲೂಕಿನ ಸರ್ಕಾರಿ ಶಾಲೆಗಳ ಪೋಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು

ವಿಷಯ: ಪರೀಕ್ಷೆ, ಶ್ರೇಣಿ ಮತ್ತು ಶಾಲಾ ತಪಾಸಣೆಯ ನಿಯಮಗಳು ಬದಲಾದಾಗ ಪೋಷಕರಿಗೆ ಮುಂಚಿತವಾಗಿ, ಅರ್ಥವಾಗುವಂತೆ ತಿಳಿಸಲು ಕೋರಿಕೆ.

ಮಾನ್ಯರೇ,

ಪರೀಕ್ಷೆಯ ನಿಯಮ ಬದಲಾದರೆ ಸುತ್ತೋಲೆ ಬೆಂಗಳೂರಿನಿಂದ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಅಲ್ಲಿಂದ ಮುಖ್ಯ ಶಿಕ್ಷಕರ ವಾಟ್ಸಾಪ್‌ಗೆ ಬರುತ್ತದೆ. ಅಲ್ಲಿಗೆ ಅದರ ಪ್ರಯಾಣ ಮುಗಿಯಿತು. ಆ ನಿಯಮದಡಿ ಪರೀಕ್ಷೆ ಬರೆಯುವ ಮಗುವಿನ ತಂದೆತಾಯಿಗೆ ಯಾರೂ ಅದನ್ನು ಓದಿ ಹೇಳುವುದಿಲ್ಲ. ಬದಲಾವಣೆಗಳನ್ನು ನಾವು ವಿರೋಧಿಸುತ್ತಿಲ್ಲ. ಅವುಗಳಲ್ಲಿ ಕೆಲವು ಮಕ್ಕಳ ಹಿತಕ್ಕೇ ಬಂದಿವೆ ಎಂದು ನಂಬಿದ್ದೇವೆ. ನಮಗೂ ತಿಳಿಸಿ ಎಂಬುದಷ್ಟೇ ನಮ್ಮ ಬೇಡಿಕೆ.

2024ರ ಬೇಸಿಗೆಯನ್ನು ತಾವು ಮರೆತಿರಲಾರಿರಿ. ಐದು, ಎಂಟು ಮತ್ತು ಒಂಬತ್ತನೇ ತರಗತಿಗಳ ಮಂಡಳಿ ಪರೀಕ್ಷೆ ಮಾರ್ಚ್ 11ಕ್ಕೆ ಶುರುವಾಗಿ, ನ್ಯಾಯಾಲಯದ ಆದೇಶದಿಂದ ನಡುವೆ ನಿಂತು, 25ರಿಂದ ಮತ್ತೆ ನಡೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ನೀಡಿತು. ಹತ್ತು ವರ್ಷದ ಮಗು "ನಾಳೆ ಪರೀಕ್ಷೆ ಇದೆಯಾ ಅಪ್ಪಾ?" ಎಂದು ಕೇಳಿದರೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅದೇ ವರ್ಷ ಎಸ್‌ಎಸ್‌ಎಲ್‌ಸಿ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಮರುವರ್ಷ ಆ ಹೆಚ್ಚಳ ಇರಲಿಲ್ಲ. ಅಣ್ಣ ಪಾಸಾದ ಲೆಕ್ಕದಲ್ಲಿ ತಮ್ಮ ಯಾಕೆ ಪಾಸಾಗಲಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಈಗಲೂ ಗೊತ್ತಿಲ್ಲ.

ಈ ಸಾಲಿನ ಎಸ್‌ಎಸ್‌ಎಲ್‌ಸಿಯ ಹೊಸ ಉತ್ತೀರ್ಣ ನಿಯಮದ ವಿಚಾರ ಇನ್ನೂ ತುರ್ತಿನದು. "ಇನ್ಮೇಲೆ ಮೂವತ್ತಮೂರು ತಗೊಂಡ್ರೆ ಪಾಸು" ಎಂಬ ಮಾತು ಊರೆಲ್ಲ ಹರಡಿದೆ. ನಿಯಮ ಅಷ್ಟು ಸರಳವಾಗಿಲ್ಲ. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬರಬೇಕು, ಜೊತೆಗೆ ಒಟ್ಟು 625ಕ್ಕೆ 206 ಅಂಕ ಆಗಬೇಕು. ಎಲ್ಲ ವಿಷಯಗಳಲ್ಲೂ ಬರೀ ಶೇ 30 ತೆಗೆದ ಮಗುವಿನ ಒಟ್ಟು ಅಂಕ 188ರ ಆಸುಪಾಸಿಗೆ ನಿಲ್ಲುತ್ತದೆ. ಯಾವ ವಿಷಯದಲ್ಲೂ ಫೇಲಾಗದೆ ಆ ಮಗು ಪರೀಕ್ಷೆಯಲ್ಲಿ ಫೇಲಾಗುತ್ತದೆ. ಇದನ್ನು ಪೋಷಕರು ಈಗಲೇ ತಿಳಿದರೆ, ಮಗುವಿಗೆ ಸುಲಭವಾಗುವ ಒಂದೆರಡು ವಿಷಯಗಳಲ್ಲಿ ಹೆಚ್ಚು ಅಂಕ ತರಲು ಮನೆಯಲ್ಲೇ ಒತ್ತಾಸೆ ಕೊಡಬಹುದು. ಫಲಿತಾಂಶದ ದಿನ ತಿಳಿದು ಏನು ಪ್ರಯೋಜನ?

ಶ್ರೇಣಿಯದೂ ಇದೇ ಕಥೆ. ಪ್ರಾಥಮಿಕ ತರಗತಿಗಳಲ್ಲಿ 70ರಿಂದ 89ರವರೆಗೆ ಎ, 50ರಿಂದ 69ರವರೆಗೆ ಬಿ ಪ್ಲಸ್. ಎಸ್‌ಎಸ್‌ಎಲ್‌ಸಿಯಲ್ಲಿ ಎ ಬರಲು 80 ದಾಟಬೇಕು, 70ರ ಮೇಲಿದ್ದರೆ ಬಿ ಪ್ಲಸ್. ನಮ್ಮೂರ ತಾಯಿಯೊಬ್ಬರು "ಏಳನೇ ಕ್ಲಾಸಲ್ಲಿ ಎ ಬರ್ತಿದ್ದೋಳು ಹತ್ತಕ್ಕೆ ಬರೋ ಹೊತ್ತಿಗೆ ಬಿಗೆ ಇಳಿದ್ಲು, ಇನ್ನು ಓದಿಸೋದು ದಂಡ" ಎಂದು ಮಗಳನ್ನು ಕಾಲೇಜಿಗೆ ಸೇರಿಸದಿರಲು ಮನಸ್ಸು ಮಾಡಿದ್ದರು. ಶಿಕ್ಷಕಿಯೊಬ್ಬರು ಎರಡೂ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಅಂದೂ ಶೇ 74, ಇಂದೂ ಶೇ 74. ಹುಡುಗಿ ಇಳಿದಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಆ ಶಿಕ್ಷಕಿಗೆ ಪುರುಸೊತ್ತು ಇರದಿದ್ದರೆ ಒಂದು ಹೆಣ್ಣುಮಗುವಿನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನು ತಪಾಸಣೆ. ಶಾಲೆಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬರುತ್ತಾರೆ, ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಬರುತ್ತಾರೆ. ಏಳು ಕ್ಷೇತ್ರ, 46 ಮಾನದಂಡಗಳ 'ಶಾಲಾ ಸಿದ್ಧಿ' ಎಂಬ ರಾಷ್ಟ್ರೀಯ ಮೌಲ್ಯಮಾಪನವೂ 2015ರಿಂದ ಇದೆ. ಇಷ್ಟೆಲ್ಲ ನಡೆದು ನಮ್ಮ ಶಾಲೆ ಯಾವ ಮಟ್ಟದಲ್ಲಿದೆ ಎಂದು ಕೇಳಿದರೆ ಎಸ್‌ಡಿಎಂಸಿ ಅಧ್ಯಕ್ಷರಿಗೇ ಗೊತ್ತಿರುವುದಿಲ್ಲ. ವರದಿ ಬೀರುವಿನೊಳಗಿನ ಭೇಟಿ ಪುಸ್ತಕದಲ್ಲಿ ಉಳಿದುಬಿಡುತ್ತದೆ. ನಮ್ಮಲ್ಲಿ ಸದಸ್ಯರೊಬ್ಬರು ಕೇಳಿ ಆ ಪುಸ್ತಕ ನೋಡಿದಾಗ, ಹಸಿರು ಶಾಯಿಯಲ್ಲಿ "ನಾಲ್ಕನೇ ತರಗತಿಯ ಏಳು ಮಕ್ಕಳಿಗೆ ದಶಕ ಸಹಿತ ವ್ಯವಕಲನ ಬರುತ್ತಿಲ್ಲ" ಎಂದು ಬರೆದಿತ್ತು. ಆ ಸದಸ್ಯರದು ಕಿರಾಣಿ ಅಂಗಡಿ, ದಿನವಿಡೀ ಚಿಲ್ಲರೆ ಲೆಕ್ಕದ ಕೆಲಸ. ಆ ಏಳು ಮಕ್ಕಳಲ್ಲಿ ಅವರ ಮಗನೂ ಒಬ್ಬ. ಆ ಒಂದು ಸಾಲು ತಿಂಗಳುಗಟ್ಟಲೆ ಮೊದಲೇ ಕಣ್ಣಿಗೆ ಬಿದ್ದಿದ್ದರೆ ಸಂಜೆ ಅಂಗಡಿಯಲ್ಲೇ ಕೂರಿಸಿ ಕಲಿಸುತ್ತಿದ್ದರು. ಅಧಿಕಾರಿ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು, ಅದರ ಫಲ ಮಾತ್ರ ಮಗುವನ್ನು ಮುಟ್ಟಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಂ ಶಾಲೆಯ ಕಾರ್ಯನಿರ್ವಹಣೆಯ ಮೇಲುಸ್ತುವಾರಿಯನ್ನು ಮುಕ್ಕಾಲು ಪಾಲು ಪೋಷಕರೇ ಇರುವ ಸಮಿತಿಗೆ ವಹಿಸಿದೆ. ವರದಿಯನ್ನೇ ನೋಡದೆ ಮೇಲುಸ್ತುವಾರಿ ಮಾಡುವುದು ಹೇಗೆ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಒಂದು ಶೈಕ್ಷಣಿಕ ವರ್ಷದ ಪರೀಕ್ಷೆ ಮತ್ತು ಉತ್ತೀರ್ಣ ನಿಯಮಗಳು ಶಾಲೆ ಆರಂಭವಾಗುವ ಮೊದಲೇ ತೀರ್ಮಾನವಾಗಬೇಕು. ಜೂನ್‌ನಲ್ಲಿ ಪಠ್ಯಪುಸ್ತಕದ ಜೊತೆಗೇ ಒಂದು ಹಾಳೆಯ ತಿಳಿವಳಿಕೆ ಪತ್ರ ಪ್ರತಿ ಮನೆಗೂ ತಲುಪಬೇಕು. ಅದು ಕನ್ನಡದಲ್ಲಿ ಮತ್ತು ಆಯಾ ಶಾಲೆಯ ಮಾಧ್ಯಮದಲ್ಲಿ, ಅಂದರೆ ಉರ್ದು, ಮರಾಠಿ, ತೆಲುಗು, ತಮಿಳಿನಲ್ಲೂ ಇರಲಿ. ಸುತ್ತೋಲೆಯ ಭಾಷೆ ಬೇಡ. ಮೇಲೆ ತೋರಿಸಿದ 188 ಮತ್ತು 206ರ ಲೆಕ್ಕದಂಥ ಉದಾಹರಣೆ ಇರಲಿ.

ಓದಲು ಬಾರದ ಪೋಷಕರು ನಮ್ಮಲ್ಲಿ ಬಹಳ ಇದ್ದಾರೆ. ಶಾಲೆ ಪೋಷಕರನ್ನು ಕರೆದು ನಡೆಸುವ 'ಸಮುದಾಯದತ್ತ ಶಾಲೆ' ಸಭೆಯಲ್ಲಿ ಈ ಹಾಳೆಯನ್ನು ಗಟ್ಟಿಯಾಗಿ ಓದಿ ವಿವರಿಸಬೇಕು. ಸಭೆ ಭಾನುವಾರ ಅಥವಾ ಸಂಜೆ ನಡೆಯಲಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋಗುವವರು ಬರುವುದು ದಿನದ ಸಂಪಾದನೆ ಬಿಟ್ಟೇ.

ಪ್ರತಿ ಅಂಕಪಟ್ಟಿಯಲ್ಲಿ ಶ್ರೇಣಿಯ ಪಕ್ಕದಲ್ಲೇ ಅದಕ್ಕೆ ಬೇಕಾದ ಅಂಕಗಳ ಮಿತಿಯನ್ನು ಅಚ್ಚು ಹಾಕಿಸಬೇಕು.

ತಪಾಸಣಾ ವರದಿಯನ್ನು 30 ದಿನಗಳೊಳಗೆ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ಮಕ್ಕಳ ಹೆಸರು ಬಿಟ್ಟು ಸಾರಾಂಶವನ್ನು ಸೂಚನಾ ಫಲಕಕ್ಕೆ ಹಾಕಬೇಕು. ಶಾಲಾ ಸಿದ್ಧಿಯಲ್ಲಿ ಶಾಲೆ ಪಡೆದ ಮಟ್ಟವೂ ಅಲ್ಲಿರಲಿ. ಇದು ಶಿಕ್ಷಕರನ್ನು ಕಟಕಟೆಗೆ ನಿಲ್ಲಿಸುವ ಅಸ್ತ್ರವಾಗಬಾರದು ಎಂಬ ಎಚ್ಚರ ನಮಗೂ ಇದೆ. ಒಬ್ಬರೇ ಶಿಕ್ಷಕರಿರುವ ಶಾಲೆಯ ಕೊರತೆಗೆ ಆ ಶಿಕ್ಷಕರು ಹೊಣೆಯಲ್ಲ. ವರದಿ ಅದನ್ನೂ ಹೇಳಲಿ.

ಮೊದಲ ಹೆಜ್ಜೆಯಾಗಿ, ಈ ಸಾಲಿನ ಎಸ್‌ಎಸ್‌ಎಲ್‌ಸಿ ಮಕ್ಕಳ ಪೋಷಕರಿಗೆ ಹೊಸ ಉತ್ತೀರ್ಣ ನಿಯಮದ ತಿಳಿವಳಿಕೆ ಪತ್ರವನ್ನು ಜನವರಿಯೊಳಗೆ ತಲುಪಿಸಬೇಕೆಂದೂ, ಉಳಿದ ಬೇಡಿಕೆಗಳಿಗೆ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇವೆ. ಹಾಳೆಗಳನ್ನು ಮನೆಮನೆಗೆ ಹಂಚುವ ಕೆಲಸಕ್ಕೆ ಎಸ್‌ಡಿಎಂಸಿ ಸದಸ್ಯರು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿಗಳು,
ಪೋಷಕರು ಮತ್ತು ಎಸ್‌ಡಿಎಂಸಿ ಸದಸ್ಯರು
(ಸಹಿಗಳನ್ನು ಲಗತ್ತಿಸಿದೆ)