ಹಳೆಯ ಆಂಪ್ಲಿಫೈಯರಿಗೊಬ್ಬ ದುಭಾಷಿ

"ಹೊಸ ಟಿ.ವಿ. ಬಂತು. ಹಳೆಯ ಆಂಪ್ಲಿಫೈಯರಿನ ತಂತಿ ಸಿಕ್ಕಿಸಲು ಅದರಲ್ಲಿ ತೂತೇ ಇಲ್ಲ. ಭಂಗಾರದವನಿಗೆ ಕೊಟ್ಟುಬಿಡೋಣವೆ?" ಎಂದು ಐರೋಲಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ಅವರ ತಂದೆಯವರು ಹುಬ್ಬಳ್ಳಿಯ ಮನೆ ಬಿಟ್ಟು ಬರುವಾಗ ಪಾತ್ರೆಪಗಡಗಳನ್ನೆಲ್ಲ ಹಂಚಿ, ಈ ಪೆಟ್ಟಿಗೆಯೊಂದನ್ನು ಮಾತ್ರ ಹಳೆಯ ಸೀರೆಯಲ್ಲಿ ಸುತ್ತಿ ತಂದವರಂತೆ. ಭಂಗಾರದ ಮಾತು ಹಿರಿಯರ ಕಿವಿಗೆ ಬೀಳದಿರುವುದೇ ಲೇಸು!

ಭಂಗಾರಕ್ಕೆ ಹಾಕಬೇಕಾದ ಕಾರಣವೂ ಇಲ್ಲ. ಡ್ಯಾಕ್, ಅಂದರೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್ ಎಂಬ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿಯೊಂದಿದ್ದರೆ ಸಾಕು. ಇಂದಿನ ಯಂತ್ರಗಳಲ್ಲಿ ಹಾಡೆಂಬುದು ಬರಿಯ ಅಂಕಿಗಳ ಸಾಲು. 1982ರಲ್ಲಿ ಅಂಗಡಿಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟಿರುತ್ತಾರೆ. ಸ್ಪೀಕರಿಗಾದರೋ ಅಂಕಿ ತಿಳಿಯದು. ಅದಕ್ಕೆ ಏರಿಳಿಯುವ ವಿದ್ಯುತ್ತು ಬೇಕು. ಇವೆರಡರ ನಡುವಿನ ದುಭಾಷಿಯೇ ಡ್ಯಾಕ್. ಭಾಜಿವಾಲಿಯೊಡನೆ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ ಎಂದು ಬಾಳುವ ನಮಗೆ ದುಭಾಷಿಯ ಕೆಲಸವನ್ನು ವಿವರಿಸಬೇಕಾಗಿಲ್ಲವಷ್ಟೆ.

ಟಿ.ವಿ.ಯ ಬೆನ್ನಲ್ಲಿ 'ಆಪ್ಟಿಕಲ್' ಎಂಬ ಚೌಕದ ಕಿಂಡಿ ಇದೆಯೇ ನೋಡಿರಿ. ಇದ್ದರೆ ಆಪ್ಟಿಕಲ್ ಒಳಗೆ, ಕೆಂಪು-ಬಿಳಿ ತಂತಿ ಹೊರಗೆ ಎಂಬ ಸಾಧಾರಣ ಡ್ಯಾಕ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೆಡ್‌ಫೋನಿನ ತೂತಿಲ್ಲದ ಮೊಬೈಲಿಗಾದರೆ ಬೆರಳುದ್ದದ ಅಡಾಪ್ಟರ್ ಸಾಕು. ಆದರೆ ಒಳಗೆ ಡ್ಯಾಕ್ ಇರುವುದನ್ನೇ ಕೇಳಿ ಪಡೆಯಿರಿ, ಬರಿಯ ತಂತಿಯವೂ ಉಂಟು.

ಠಾಣೆ, ದಾದರುಗಳಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದಿರೋ, ಅಂಗಡಿಯವನು 32 ಬಿಟ್, 1,92,000 ಎಂದು ದೊಡ್ಡ ದೊಡ್ಡ ಅಂಕಿಗಳನ್ನು ಉದುರಿಸಿಯಾನು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಸಾಕು. ಆ ಲೆಕ್ಕ ಸಿ.ಡಿ.ಯಲ್ಲೇ ಮುಗಿದಿದೆ. ದುಭಾಷಿ ಎಂಥ ಪಂಡಿತನಾದರೂ ಮಾತಾಡಿದವನು ಹೇಳದ್ದನ್ನು ಸೇರಿಸಲಾರ. ಮಲ್ಲಿಕಾರ್ಜುನ ಮನ್ಸೂರರ ಹಳೆಯ 78ರ ತಟ್ಟೆಯಿಂದ ಇಳಿಸಿಕೊಂಡ ಹಾಡಿನ ಕರಕರವನ್ನು ಇಪ್ಪತ್ತು ಸಾವಿರದ ಡ್ಯಾಕೂ ನೀಗಿಸದು. ದೀಪಾವಳಿಯ ಬೋನಸ್ಸು ಕೈಯಲ್ಲಿ ಕುಣಿಯುತ್ತಿದ್ದರೆ ಸ್ಪೀಕರಿಗೆ ಹಾಕಿರಿ. ಅಲ್ಲಿ ಕೊಟ್ಟ ಹಣ ಕಿವಿಗೆ ಕೇಳಿಸುತ್ತದೆ.

ಇನ್ನು ಜೋಡಣೆ. ಆಂಪ್ಲಿಫೈಯರನ್ನು ಆರಿಸಿ, ವಾಲ್ಯೂಮನ್ನು ಸೊನ್ನೆಗೆ ತನ್ನಿರಿ. ಆಪ್ಟಿಕಲ್ ತಂತಿಯ ಎರಡು ತುದಿಗೂ ಇರುವ ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ತೆಗೆಯಿರಿ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಆಂಪ್ಲಿಫೈಯರಿನಲ್ಲಿ 'ಆಕ್ಸ್' ಅಥವಾ 'ಸಿ.ಡಿ.' ಎಂದಿರುವಲ್ಲಿಯೇ ಸೇರಿಸಬೇಕು. 'ಫೋನೋ' ಎಂಬುದು ಗ್ರಾಮಫೋನ್ ಮುಳ್ಳಿನ ಬಡಕಲು ಸದ್ದಿಗಾಗಿ ಮಾಡಿದ್ದು, ಅಲ್ಲಿ ಕೊಟ್ಟರೆ ಅರಚಾಟವೇ ಸರಿ. ಬಳಿಕ ಟಿ.ವಿ.ಯ ಸೌಂಡ್ ಸೆಟ್ಟಿಂಗಿನಲ್ಲಿ 'ಪಿ.ಸಿ.ಎಂ.' ಆರಿಸಿರಿ. ಅದು 'ಡಾಲ್ಬಿ'ಯಲ್ಲಿದ್ದರೆ ಅಗ್ಗದ ಡ್ಯಾಕಿಗೆ ಆ ಭಾಷೆ ಬಾರದು; ಮೌನ, ಇಲ್ಲವೆ ಕರ್ಕಶ. ಡಬ್ಬಿ ಕೆಟ್ಟಿತೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಇದನ್ನೊಮ್ಮೆ ನೋಡಿರಿ.

ಗುಂಯ್ ಎನ್ನುವ ಸದ್ದು ಬಂದರೆ ಪ್ಲಗ್ಗಿನ ಮೂರನೆಯ ಮೊಳೆ ಕಿತ್ತುಬಿಡಿ ಎನ್ನುವ ಮಹಾನುಭಾವರುಂಟು. ಖಂಡಿತ ಕೂಡದು. ಅದು ಅರ್ಥಿಂಗು; ಪೆಟ್ಟಿಗೆಯಲ್ಲಿ ವಿದ್ಯುತ್ತು ಸೋರಿದರೆ ಮುಟ್ಟಿದವರ ಪ್ರಾಣ ಉಳಿಸುವುದು ಅದೇ. ಆಪ್ಟಿಕಲ್ ತಂತಿಯಲ್ಲಿ ಹರಿಯುವುದು ಬೆಳಕು ಮಾತ್ರವಾದ್ದರಿಂದ ಟಿ.ವಿ.ಯ ಗುಂಯ್‌ಕಾರ ಆ ದಾರಿಯಲ್ಲಿ ಬಾರದು. ಡ್ಯಾಕಿಗೆ ವಿದ್ಯುತ್ತು ಕೊಡುವ ಚಾರ್ಜರನ್ನು ಬದಲಿಸಿ ನೋಡಿರಿ.

ಎಲ್ಲ ಸರಿಹೋದ ಮೇಲೆ ಮೊದಲು ಹಾಡು ಬೇಡ, ವಾರ್ತೆ ಹಾಕಿರಿ. ಓದುವವರ ದನಿ ಕೊಡದೊಳಗಿಂದ ಬಂದಂತೆ ಕೇಳಿದರೆ ಸ್ಪೀಕರುಗಳನ್ನು ಗೋಡೆಯಿಂದ ಒಂದಡಿ ಈಚೆಗೆ ಸರಿಸಿರಿ. ಪಕ್ಕದ ಮನೆಯವರಿಗೂ ಅದು ಒಳ್ಳೆಯದು.